ನಾಲೆ ಏರಿ ಮೇಲೆ ಸೈಕಲ್ ಸವಾರಿ

ಕಾವೇರಿ ಬಯಲಿನ ನಾಲೆ ಏರಿಗಳು ಮಣ್ಣುದಾರಿಯ ಸೈಕಲ್ ಸವಾರರಿಗೆ ಹೇಳಿ ಮಾಡಿಸಿದಂತಿವೆ. ಮಾಡಿಸಿದವರ ತಲೆಯಲ್ಲಿ ಮಾತ್ರ ಇದ್ದದ್ದು ನೀರು.

ಬೆಂಗಳೂರು–ಮೈಸೂರು ದಶಪಥದಲ್ಲಿ ಸೈಕಲ್‌ಗೆ ಜಾಗವಿಲ್ಲ. 119 ಕಿ.ಮೀ. ಉದ್ದದ ಆ ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳ ಜೊತೆಗೆ ಮೋಟಾರಿಲ್ಲದ ವಾಹನಗಳಿಗೂ ಪ್ರವೇಶ ನಿಷೇಧ. ಪಕ್ಕದ ಸರ್ವಿಸ್ ರಸ್ತೆಯಲ್ಲಿ ಹೋಗಬಹುದು. ಹೋದವರು ಬಸ್ಸಿನ ಹೊಗೆ ಕುಡಿದು, ಹಾರನ್ನಿಗೆ ಬೆಚ್ಚಿ, ಊರು ತಲುಪಿದರೆ ಸಾಕಪ್ಪಾ ಎಂದುಕೊಂಡೇ ಹೋಗುತ್ತಾರೆ.

ಅದೇ ಹೆದ್ದಾರಿಗೆ ಶ್ರೀರಂಗಪಟ್ಟಣದ ಆಸುಪಾಸಿನಲ್ಲಿ ಬೆನ್ನು ಹಾಕಿ ಕೆಲವು ಕಿಲೋಮೀಟರ್ ಒಳಗೆ ಹೋದರೆ ಇನ್ನೊಂದು ರಸ್ತೆಜಾಲ ಸಿಗುತ್ತದೆ. ಅದಕ್ಕೆ ನಂಬರಿಲ್ಲ, ಟೋಲಿಲ್ಲ, ದಾರಿ ತೋರಿಸುವ ಫಲಕಗಳೂ ಇಲ್ಲ. ಒಂದು ಮಗ್ಗುಲಲ್ಲಿ ನಾಲೆ, ಇನ್ನೊಂದು ಮಗ್ಗುಲಲ್ಲಿ ಗದ್ದೆ, ನಡುವೆ ಒಂದು ಗಾಡಿ ಹಿಡಿಸುವಷ್ಟು ಅಗಲದ ಮಣ್ಣಿನ ಏರಿ. ಕೆಲವು ಕಡೆ ಗರಸು ಹಾಸಿದ್ದಾರೆ, ಕೆಲವು ಕಡೆ ಜಲ್ಲಿ ಸುರಿದು ಟಾರು ಹಾಕುವುದನ್ನು ಮರೆತಿದ್ದಾರೆ, ಉಳಿದೆಡೆ ಗಾಡಿ ಜಾಡು ಎರಡು, ನಡುವೆ ಗರಿಕೆ. ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯ, ಮದ್ದೂರು, ಮಳವಳ್ಳಿ, ತಿ. ನರಸೀಪುರ ತಾಲ್ಲೂಕುಗಳ ಉದ್ದಕ್ಕೂ ಇಂಥ ಏರಿಗಳು ಹರಡಿವೆ. ಪ್ರಪಂಚದ ಬೇರೆ ಕಡೆ ಇಂಥ ದಾರಿಗಾಗಿ ಜನ ವಿಮಾನ ಹತ್ತಿ ಬರುತ್ತಾರೆ.

ಜಲ್ಲಿ ದಾರಿಯ ಹೊಸ ಹುಚ್ಚು

ಟಾರು ಬಿಟ್ಟು ಜಲ್ಲಿ ದಾರಿಯಲ್ಲಿ ದೂರ ಹೋಗುವುದನ್ನು ಸೈಕಲ್ ಲೋಕ ‘ಗ್ರಾವೆಲ್ ರೈಡಿಂಗ್’ ಎನ್ನುತ್ತದೆ. ಇಟಲಿಯ ಟಸ್ಕನಿಯಲ್ಲಿ ಬಿಳಿ ಮಣ್ಣಿನ ಹಳ್ಳಿ ರಸ್ತೆಗಳಿಗೆಲ್ಲ ಟಾರು ಬೀಳುತ್ತಿದ್ದ ಕಾಲದಲ್ಲಿ, ಅವು ಹಾಗೇ ಉಳಿಯಲಿ ಎಂಬ ಆಸೆಯಿಂದ 1997ರಲ್ಲಿ ‘ಲೆರೋಯಿಕಾ’ ಎಂಬ ಹಳೇ ಸೈಕಲ್‌ಗಳ ಸವಾರಿ ಶುರುವಾಯಿತು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಎಂಪೋರಿಯಾ ಎಂಬ ಸಣ್ಣ ಊರಿನಲ್ಲಿ 2006ರಲ್ಲಿ 34 ಮಂದಿ ಸೇರಿ ಹುಲ್ಲುಗಾವಲಿನ ನಡುವಿನ ಕಲ್ಲುದಾರಿಗಳಲ್ಲಿ 200 ಮೈಲಿ, ಎಂದರೆ 320 ಕಿ.ಮೀ.ಗಳ ಪಂದ್ಯ ಹೂಡಿದರು. ಇವತ್ತು ‘ಅನ್‌ಬೌಂಡ್’ ಎಂದು ಹೆಸರಾಗಿರುವ ಆ ಪಂದ್ಯಕ್ಕೆ ಸಾವಿರಾರು ಜನ ಬರುತ್ತಾರೆ. 2022ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆಯೇ ಮೊದಲ ಗ್ರಾವೆಲ್ ವಿಶ್ವ ಚಾಂಪಿಯನ್‌ಷಿಪ್ ನಡೆಸಿತು. ನಡೆದದ್ದು ಇಟಲಿಯ ವೆನೆಟೊ ಪ್ರಾಂತ್ಯದಲ್ಲಿ.

ಇದಕ್ಕೆಂದೇ ಬಂದಿರುವ ಸೈಕಲ್ ನೋಡಲು ರೇಸ್ ಸೈಕಲ್‌ನಂತೆಯೇ ಇದೆ. ಹ್ಯಾಂಡಲ್ ಕೆಳಕ್ಕೆ ಬಾಗಿದೆ, ಮುಂದೆ ಹಿಂದೆ ಡಿಸ್ಕ್ ಬ್ರೇಕ್ ಇದೆ. ಟೈರು ಮಾತ್ರ ಅಗಲ. ಸಾಮಾನ್ಯವಾಗಿ 35ರಿಂದ 50 ಮಿ.ಮೀ. ಅದರಲ್ಲಿ ಗಾಳಿಯೂ ಕಡಿಮೆ ಇಡುತ್ತಾರೆ. ಸಪೂರ ಟೈರಿನ ರೇಸ್ ಸೈಕಲ್‌ಗೆ 90–100 ಪಿಎಸ್‌ಐ ತುಂಬುವವರು ಇದಕ್ಕೆ 30–40ರಲ್ಲೇ ನಿಲ್ಲಿಸುತ್ತಾರೆ. ಗಾಳಿ ಕಡಿಮೆಯಾದಷ್ಟೂ ಟೈರು ಕಲ್ಲಿನ ಮೇಲೆ ಪುಟಿಯದೆ ಅಪ್ಪಿಕೊಂಡು ಹೋಗುತ್ತದೆ, ಕೈಗೆ ಸೊಂಟಕ್ಕೆ ಬೀಳುವ ಪೆಟ್ಟು ಕಡಿಮೆಯಾಗುತ್ತದೆ.

ಈ ‘ಹೊಸ’ ಸೈಕಲ್‌ನ ಅಳತೆಯನ್ನು ನಮ್ಮ ಹಳ್ಳಿಗಳ ಕಪ್ಪು ಸೈಕಲ್ ಪಕ್ಕ ಇಟ್ಟು ನೋಡಿದರೆ ನಗು ಬರುತ್ತದೆ. ಹೀರೊ, ಅಟ್ಲಾಸ್, ಹರ್ಕ್ಯುಲಿಸ್‌ಗಳ ದೊಡ್ಡ ಸೈಕಲ್‌ಗೆ ಹಾಕುವುದು 28 ಇಂಚಿನ, ಒಂದೂವರೆ ಇಂಚು ಅಗಲದ ಟೈರು. ಅದರ ಅಂತರರಾಷ್ಟ್ರೀಯ ಗುರುತು 40–635, ಅಂದರೆ ಅಗಲ 40 ಮಿ.ಮೀ. ಲಕ್ಷ ರೂಪಾಯಿ ದಾಟುವ ಗ್ರಾವೆಲ್ ಸೈಕಲ್‌ನ ಮೆಚ್ಚಿನ ಅಳತೆಯೂ ಅದೇ 40. ಬಾಗಿದ ಮುಂಭಾಗ, ಉದ್ದನೆಯ ಚೌಕಟ್ಟು, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಧಾರಾಳ ಜಾಗ — ಇವೆಲ್ಲ ಟಾರು ಕಾಣದ ರಸ್ತೆಗೆಂದೇ ನೂರು ವರ್ಷಕ್ಕೂ ಹಿಂದೆ ಇಂಗ್ಲೆಂಡಿನಲ್ಲಿ ಗೊತ್ತುಮಾಡಿದ ಲೆಕ್ಕಗಳು. ಹಿಂದೆ ಹುಲ್ಲಿನ ಹೊರೆ, ಹ್ಯಾಂಡಲ್‌ಗೆ ಎರಡು ಹಾಲಿನ ಕ್ಯಾನು ತೂಗುಹಾಕಿಕೊಂಡು ನಾಲೆ ಏರಿಯ ಮೇಲೆ ಹೋಗುತ್ತಿದ್ದ ರೈತನಿಗೆ ತಾನು ಮಾಡುತ್ತಿರುವುದಕ್ಕೆ ಇಂಗ್ಲಿಷಿನಲ್ಲೊಂದು ಹೆಸರು ಬರುತ್ತದೆಂದು ಗೊತ್ತಿರಲಿಲ್ಲ, ಅಷ್ಟೆ.

ನೀರು ಕೊಟ್ಟ ಸಮತಟ್ಟು

ಮಂಡ್ಯ ಜಿಲ್ಲೆಯನ್ನು ಬಯಲು ಎನ್ನುತ್ತೇವೆ. ಸೈಕಲ್ ಹತ್ತಿದವರಿಗೆ ಅದು ಬಯಲಲ್ಲ ಎಂಬುದು ಮೊದಲ ಅರ್ಧ ಗಂಟೆಯಲ್ಲೇ ತಿಳಿಯುತ್ತದೆ. ಊರಿಂದ ಊರಿಗೆ ಹೋಗುವ ರಸ್ತೆ ಒಂದು ದಿಣ್ಣೆ ಹತ್ತಿ, ಹಳ್ಳಕ್ಕೆ ಇಳಿದು, ಮತ್ತೊಂದು ದಿಣ್ಣೆ ಹತ್ತುತ್ತದೆ. ಈ ಏರಿಳಿತದ ನೆಲದಲ್ಲಿ ಮಟ್ಟಸವಾಗಿರುವುದು ನೀರಿನ ದಾರಿ ಒಂದೇ.

ಅದು ಯಾಕೆ ಹಾಗೆ ಎನ್ನುವುದು ಸರಳ. ಹೊಳೆಗೆ ಅಡ್ಡಲಾಗಿ ಕಟ್ಟೆ ಕಟ್ಟಿ ದಂಡೆಯಿಂದ ನಾಲೆ ತೆಗೆಯುತ್ತಾರೆ. ಹೊಳೆ ತನ್ನ ಪಾಡಿಗೆ ಬೇಗ ಬೇಗ ತಗ್ಗಿಗೆ ಇಳಿಯುತ್ತದೆ. ನಾಲೆಗೆ ಕಿಲೋಮೀಟರಿಗೆ ಕೆಲವೇ ಅಂಗುಲಗಳ ಇಳಿಜಾರು ಕೊಟ್ಟು, ದಿಣ್ಣೆಯ ಮಗ್ಗುಲನ್ನೇ ಹಿಡಿದು ಸುತ್ತಿಸಿ ಸುತ್ತಿಸಿ ಒಯ್ಯುತ್ತಾರೆ. ಹತ್ತಾರು ಕಿಲೋಮೀಟರ್ ಹೋಗುವ ಹೊತ್ತಿಗೆ ಹೊಳೆ ಎಷ್ಟೋ ಕೆಳಗೆ, ನಾಲೆ ಎಷ್ಟೋ ಮೇಲೆ. ಇವೆರಡರ ನಡುವಿನ ನೆಲವೆಲ್ಲ ನೀರಾವರಿ. ನಾಲೆಯಿಂದ ಮೇಲಿರುವುದೆಲ್ಲ ಮಳೆಯನ್ನೇ ನಂಬಿದ ಬೆದ್ದಲು.

ಹಾಗಾಗಿ ಏರಿಯ ಮೇಲೆ ಹೊರಟವನಿಗೆ ಕಂದಾಯ ದಫ್ತರದ ಪಹಣಿಯೇ ಕಣ್ಣೆದುರು ಬಿಚ್ಚಿಕೊಳ್ಳುತ್ತದೆ. ನಾಲೆಯಾಚೆ ಖುಷ್ಕಿ: ರಾಗಿ, ಹುರುಳಿ, ಅವರೆ, ಬೇಲಿಯಲ್ಲಿ ಕಳ್ಳಿ. ಏರಿಯ ಕೆಳಗೆ ತರಿ: ಭತ್ತ, ಕಬ್ಬು. ಹಳ್ಳಿಯ ಹತ್ತಿರ ಬಾಗಾಯ್ತು: ತೆಂಗು, ಅಡಿಕೆ, ಬಾಳೆ. ಹತ್ತು ಅಡಿ ಅಗಲದ ನೀರು ಎರಡು ಬೇರೆ ಬೇರೆ ಬದುಕುಗಳ ನಡುವಿನ ಗಡಿ. ಒಂದು ಎಕರೆಗೆ ಬೆಲೆ ಎಷ್ಟು, ಹೆಣ್ಣು ಕೊಡುವವರು ಯಾವ ಊರನ್ನು ನೋಡುತ್ತಾರೆ, ದುಡಿಮೆಗೆ ಬೆಂಗಳೂರಿಗೆ ಹೋಗುವವರು ಯಾರು ಎನ್ನುವುದೆಲ್ಲ ಈ ಗಡಿಯ ಯಾವ ಕಡೆ ಹೊಲವಿದೆ ಎಂಬುದರ ಮೇಲೆ ನಿಂತಿದೆ. ಕಾರಿನಲ್ಲಿ ಹೋಗುವವರಿಗೆ ಇದು ಕಾಣುವುದಿಲ್ಲ, ಏಕೆಂದರೆ ಟಾರು ರಸ್ತೆ ನಾಲೆಯನ್ನು ಅಡ್ಡ ದಾಟುತ್ತದೆ. ಸೇತುವೆಯ ಮೇಲೆ ಎರಡು ಸೆಕೆಂಡು. ಏರಿಯ ದಾರಿ ಆ ಗಡಿಯ ಮೇಲೇ ಸಾಗುತ್ತದೆ.

ಮಟ್ಟಸಕ್ಕೆ ಬೆಲೆಯೂ ಉಂಟು. ಎರಡು ಊರುಗಳ ನಡುವೆ ಟಾರು ರಸ್ತೆಯಲ್ಲಿ ಐದು ಕಿಲೋಮೀಟರ್ ಇದ್ದರೆ, ಏರಿ ಹಿಡಿದವರು ಅದಕ್ಕಿಂತ ಎಷ್ಟೋ ಹೆಚ್ಚು ಸುತ್ತಬೇಕಾಗುತ್ತದೆ. ಹಳ್ಳ ಸಿಕ್ಕಲ್ಲಿ ನಾಲೆ ಒಳಕ್ಕೆ ಬಾಗಿ ಹಳ್ಳದ ತಲೆಯವರೆಗೆ ಹೋಗಿ ಆಚೆ ದಂಡೆಯಲ್ಲಿ ವಾಪಸ್ ಬರುತ್ತದೆ. ಅರ್ಧ ಗಂಟೆ ತುಳಿದ ಮೇಲೂ ಹೊರಟ ಊರಿನ ದೇವಸ್ಥಾನದ ಮೈಕು ಅಷ್ಟೇ ಜೋರಾಗಿ ಕೇಳಿಸುತ್ತಿರುತ್ತದೆ. ಅವಸರದವರಿಗೆ ಇದು ದಾರಿಯಲ್ಲ.

ಮೂರು ಕಾಲದ ನಾಲೆಗಳು

ಈ ದಾರಿಗಳಿಗೆ ಒಂದೇ ವಯಸ್ಸಲ್ಲ. ತಲಕಾಡಿನ ಬಳಿಯ ಮಾಧವಮಂತ್ರಿ ಅಣೆಕಟ್ಟೆಯ ಹೆಸರು ವಿಜಯನಗರದ ಕಾಲಕ್ಕೆ ಕೈ ತೋರಿಸುತ್ತದೆ. 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದ್ದು ಬಂಗಾರದೊಡ್ಡಿ ನಾಲೆ. ಅದು ಕಾವೇರಿಯ ಒಂದು ಕವಲನ್ನು ಮೇಲ್ಗಾಲುವೆಯ ಮೇಲೆ ದಾಟಿ ಶ್ರೀರಂಗಪಟ್ಟಣದ ದ್ವೀಪಕ್ಕೆ ನೀರು ತರುತ್ತದೆ. ಹೊಳೆಯ ಮೇಲೆ ಹೊಳೆಯ ನೀರನ್ನೇ ಹಾಯಿಸಿದ ಈ ಏರ್ಪಾಟು ಇವತ್ತಿಗೂ ಗದ್ದೆಗೆ ನೀರು ಕೊಡುತ್ತಿದೆ. ಅದೇ 17ನೇ ಶತಮಾನದ ನಡುಭಾಗದಲ್ಲಿ ಹೊಳೆಗೆ ಹಾಕಿದ ಒಡ್ಡಿನಿಂದಲೇ ರಂಗನತಿಟ್ಟಿನ ನಡುಗಡ್ಡೆಗಳು ಉಂಟಾದವು. ಪಕ್ಷಿತಜ್ಞ ಸಲೀಂ ಅಲಿ ಅವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾಗಿ, 2022ರಲ್ಲಿ ಜೌಗು ನೆಲಗಳ ರಾಮ್ಸರ್ ಪಟ್ಟಿಗೆ ಸೇರಿದ ಜಾಗದ ಮೂಲ ನೀರಾವರಿಯ ಕಟ್ಟೆ.

ಚಿಕ್ಕದೇವರಾಜ ಒಡೆಯರ ಹೆಸರಿನ ಚಿಕ್ಕದೇವರಾಯ ಸಾಗರ ನಾಲೆ — ಊರವರ ಬಾಯಲ್ಲಿ ಸಿಡಿಎಸ್ ನಾಲೆ — ಎಡದಂಡೆಯ ಹಳ್ಳಿಗಳಿಗೆ ಅನ್ನ ಹಾಕುತ್ತದೆ. ಬಲಮುರಿ ಕಡೆಯಿಂದ ಹೊರಡುವ ವಿರಿಜಾ ನಾಲೆ ಬಲದಂಡೆಯದು. ಸೈಕಲ್ ಸವಾರರಿಗೆ ಇವೇ ಅಚ್ಚುಮೆಚ್ಚು. ಯಂತ್ರವಿಲ್ಲದ ಕಾಲದಲ್ಲಿ ಗುದ್ದಲಿ, ಮಂಕರಿಗಳಲ್ಲಿ ತೋಡಿದ ನಾಲೆಗಳಾದ್ದರಿಂದ ಬಂಡೆ ಸಿಕ್ಕಲ್ಲಿ ಬಂಡೆಯನ್ನು, ಗುಡ್ಡ ಸಿಕ್ಕಲ್ಲಿ ಗುಡ್ಡವನ್ನು ಬಳಸಿಯೇ ಹೋಗಿವೆ. ಏರಿಯ ಮೇಲೆ ಹಳೆಯ ಹೊಂಗೆ, ಆಲ, ಮತ್ತಿ ಮರಗಳ ನೆರಳಿದೆ.

ಮೂರನೆಯದು ವಿಸಿ ನಾಲೆ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ 1930ರ ದಶಕದ ಆರಂಭದಲ್ಲಿ ಮುಗಿಯುವ ಹೊತ್ತಿಗೆ ಅದರ ನಾಲೆಗೆ ಅಂದಿನ ವೈಸರಾಯ್ ಇರ್ವಿನ್ ಹೆಸರಿಟ್ಟಿದ್ದರು. ಆಮೇಲೆ ಅದು ವಿಶ್ವೇಶ್ವರಯ್ಯ ನಾಲೆಯಾಯಿತು. ಹಳೆಯ ನಾಲೆಗಳಂತೆ ಗುಡ್ಡ ಬಳಸುವ ತಾಳ್ಮೆ ಇದಕ್ಕಿಲ್ಲ. ಕಾವೇರಿಗೂ ಶಿಂಷಾಗೂ ನಡುವಿನ ದಿಣ್ಣೆಯನ್ನು ಹುಲಿಕೆರೆ ಸುರಂಗದಲ್ಲಿ ತೂರಿ ಆಚೆ ಬರುತ್ತದೆ. ಸುರಂಗ ಎರಡೂವರೆ ಕಿ.ಮೀ.ಗೂ ಹೆಚ್ಚು ಉದ್ದ. ನೀರು ಒಳಗಿನಿಂದ ಹೋಗಿಬಿಡುತ್ತದೆ, ಸೈಕಲ್ ಸವಾರ ಮಾತ್ರ ದಿಣ್ಣೆಯ ನೆತ್ತಿಗೆ ಹತ್ತಿ ಇಳಿಯಬೇಕು. ಈ ನಾಲೆಯಿಂದಲೇ ಮಂಡ್ಯ ಕಬ್ಬಿನ ನಾಡಾಯಿತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅವರ ಮುತುವರ್ಜಿಯಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. 1939ರಲ್ಲಿ ಮೈಸೂರಿನಿಂದ ಬೇರೆಯಾಗಿ ಮಂಡ್ಯವೇ ಒಂದು ಜಿಲ್ಲೆಯಾಯಿತು.

ಕರಿಘಟ್ಟದಿಂದ ತಲಕಾಡಿಗೆ

ಒಂದೇ ಒಂದು ದಾರಿ ಹೇಳಿ ಎಂದು ಯಾರಾದರೂ ಕೇಳಿದರೆ ಹೊಳೆಯ ಜೊತೆಜೊತೆಗೇ ಇಳಿಯುವ ಈ ದಾರಿಯನ್ನು ಹೇಳುತ್ತೇನೆ: ಶ್ರೀರಂಗಪಟ್ಟಣ, ಕರಿಘಟ್ಟ, ಮಹದೇವಪುರ, ಅರಕೆರೆ, ಬನ್ನೂರು, ಸೋಮನಾಥಪುರ, ತಿ. ನರಸೀಪುರ, ತಲಕಾಡು. ಟಾರು ರಸ್ತೆಯಲ್ಲೇ ಹೋದರೆ ಅರವತ್ತು ಕಿ.ಮೀ. ಆಸುಪಾಸು. ಏರಿ ಸಿಕ್ಕಲ್ಲೆಲ್ಲ ಏರಿ ಹಿಡಿದರೆ ಎಷ್ಟಾಗುತ್ತದೆನ್ನುವುದು ನಿಮ್ಮ ಪುರಸೊತ್ತಿಗೆ ಬಿಟ್ಟದ್ದು. ಉದ್ದಕ್ಕೂ ಮಣ್ಣುದಾರಿ ಸಿಗುವುದಿಲ್ಲ. ನಾಲೆಯಿಂದ ನಾಲೆಗೆ, ಏರಿಯಿಂದ ಗದ್ದೆ ಬಯಲಿನ ಗಾಡಿದಾರಿಗೆ, ಅಲ್ಲಿಂದ ಊರೊಳಗಿನ ಕಾಂಕ್ರೀಟಿಗೆ ಜಿಗಿಯುತ್ತ ಹೋಗಬೇಕು.

ಮೊದಲಿಗೆ ಕರಿಘಟ್ಟದ ವೆಂಕಟರಮಣಸ್ವಾಮಿ ಗುಡಿಯವರೆಗೆ ಹತ್ತಿ ನೋಡುವುದು ಒಳ್ಳೆಯದು. ಕೆಳಗೆ ಲೋಕಪಾವನಿ ಕಾವೇರಿಗೆ ಸೇರುವುದು, ಹೊಳೆ ಎರಡಾಗಿ ಒಡೆದು ದ್ವೀಪವನ್ನು ತಬ್ಬಿರುವುದು ಕಾಣುತ್ತದೆ. ಹಸಿರು ಎಲ್ಲಿ ಕತ್ತರಿಸಿದಂತೆ ನಿಲ್ಲುತ್ತದೋ ಅಲ್ಲಿ ನಾಲೆ ಇದೆ ಎಂದು ಲೆಕ್ಕ. ನಕ್ಷೆಗಿಂತ ಈ ನೋಟ ಹೆಚ್ಚು ಕೆಲಸಕ್ಕೆ ಬರುತ್ತದೆ.

ಮಹದೇವಪುರದ ಹೊಳೆದಂಡೆಯನ್ನು ಕನ್ನಡಿಗರು ಹೋಗದೆಯೇ ನೋಡಿದ್ದಾರೆ; ಸಿನಿಮಾದವರಿಗೆ ಅಚ್ಚುಮೆಚ್ಚಿನ ಊರು ಅದು. ಅರಕೆರೆ ಸುತ್ತ ಕಬ್ಬು ದಟ್ಟ. ಗಾಳಿಯಲ್ಲಿ ಸುಟ್ಟ ಸಕ್ಕರೆಯ ವಾಸನೆ ಬಂದರೆ ಹತ್ತಿರದಲ್ಲೆಲ್ಲೋ ಆಲೆಮನೆ ಇದೆ. ಗಾಣದಿಂದ ಬಂದ ಹಾಲು ಕೊಪ್ಪರಿಗೆಯಲ್ಲಿ ಕುದಿಯುತ್ತಿರುತ್ತದೆ, ಒಲೆಗೆ ಅದೇ ಕಬ್ಬಿನ ಒಣಗಿದ ಸಿಪ್ಪೆ. ನೊರೆ ತೆಗೆದು, ಹದ ನೋಡಿ, ಪಾಕವನ್ನು ಮರದ ಅಚ್ಚಿಗೋ ಬಕೆಟ್ಟಿಗೋ ಹೊಯ್ಯುತ್ತಾರೆ. ಮಂಡ್ಯದ ಮಾರುಕಟ್ಟೆಯಲ್ಲಿ ಅಚ್ಚು ಬೆಲ್ಲ, ಬಕೆಟ್ ಬೆಲ್ಲ, ಕುರಿಕಾಲಚ್ಚು ಎಂದು ಬೇರೆ ಬೇರೆ ಧಾರಣೆ. ಸವಾರರಿಗೆ ಬೇಕಾದದ್ದು ಅಚ್ಚಿಗೆ ಹೋಗುವ ಮೊದಲಿನ ಬಿಸಿ ಬೆಲ್ಲ, ಬಾಳೆಲೆಯ ತುಂಡಿನ ಮೇಲೆ. ಪೇಟೆಯ ಎನರ್ಜಿ ಜೆಲ್ಲಿಗೆ ಕೊಡುವ ದುಡ್ಡಿನಲ್ಲಿ ಇಲ್ಲಿ ಮನೆಗೂ ಒಂದಿಷ್ಟು ಕಟ್ಟಿಸಿಕೊಂಡು ಹೋಗಬಹುದು.

ಸೋಮನಾಥಪುರದ ಕೇಶವ ದೇವಾಲಯವನ್ನು ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ 13ನೇ ಶತಮಾನದಲ್ಲಿ ಪ್ರತಿಷ್ಠೆ ಮಾಡಿಸಿದ. 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ತಿ. ನರಸೀಪುರದಲ್ಲಿ ಕಪಿಲೆ ಬಂದು ಕಾವೇರಿಗೆ ಸೇರುತ್ತಾಳೆ. ಅಲ್ಲಿಂದ ತಲಕಾಡಿನತ್ತ ಸಾಗುತ್ತ ಕೆಂಪು ಗರಸು ಕಡಿಮೆಯಾಗಿ ಚಕ್ರದಡಿ ಮರಳು ಸೇರುತ್ತದೆ. ಗಂಗರ ರಾಜಧಾನಿಯನ್ನೇ ಮುಚ್ಚಿದ ಮರಳು ಸೈಕಲ್‌ಗೆ ದಾರಿ ಬಿಟ್ಟೀತೇ? ಕೊನೆಯ ತಿರುವುಗಳಲ್ಲಿ ಇಳಿದು ತಳ್ಳುವುದೇ ಮರ್ಯಾದೆ.

ಶಿಂಷಾ ಕಡೆಗೆ ಹೊರಳುವವರಿಗೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಇದೆ. ಅಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಊರ ನಡುವಿನ ಹುಣಸೆ, ಆಲದ ಮರಗಳಲ್ಲೇ ಗೂಡು ಕಟ್ಟುತ್ತವೆ. 2007ರಲ್ಲಿ ಅದನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಲಾಯಿತು. ಇನ್ನೂ ಕೆಳಗೆ ಮಳವಳ್ಳಿ ಬದಿಯಲ್ಲಿ ಏರಿಯ ಮೇಲೆ ಎದುರಾಗುವ ಗಿಡ್ಡ ಕಾಲಿನ, ಗಟ್ಟಿ ಮೈಯ ಕುರಿಗಳು ಬಂಡೂರು ತಳಿಯವು. ಅವಕ್ಕೆ ಬೆಲ್ ಕೇಳಿಸುವುದಿಲ್ಲ, ಕಾಯುವವರಿಗೂ ಅವಸರವಿಲ್ಲ.

ಚಕ್ರದ ಕೆಳಗಿನ ನೆಲ

ಏರಿಯ ನೆಲ ತಿಂಗಳಿಗೊಂದು ಬಗೆ. ಕಟ್ಟೆ ತುಂಬಿದ ವರ್ಷ ಜುಲೈ–ಆಗಸ್ಟ್‌ನಲ್ಲಿ ನಾಲೆಗೆ ನೀರು ಬಿಡುತ್ತಾರೆ. ನಾಟಿಯ ಆ ದಿನಗಳಲ್ಲಿ ಟ್ರ್ಯಾಕ್ಟರ್‌ಗಳು ಗದ್ದೆಯ ಕೆಸರನ್ನು ಏರಿಗೂ ಬಳಿಯುತ್ತವೆ. ಆ ಗೋಡುಮಣ್ಣು ಟೈರಿಗೆ ಮೆತ್ತಿ, ಬ್ರೇಕಿನ ಸಂದಿಗೆ ಸೇರಿ, ಚಕ್ರ ತಿರುಗದಂತೆ ಹಿಡಿದು ನಿಲ್ಲಿಸುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನ ಜಡಿಮಳೆ ಮುಗಿದು ನೆಲ ಗಟ್ಟಿಯಾದ ಮೇಲೆ, ನವೆಂಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಮಾರ್ಚ್ ದಾಟಿದರೆ ನಾಲೆ ಒಣಗಿರುತ್ತದೆ, ಧೂಳು ಕಣಕಾಲು ಮುಚ್ಚುತ್ತದೆ. ಮಳೆ ಕೈಕೊಟ್ಟ 2023ರಂಥ ವರ್ಷದಲ್ಲಂತೂ ಈ ಊರುಗಳಲ್ಲಿ ನೀರಿಗಿಂತ ನೀರಿನ ಹೋರಾಟದ ಮಾತೇ ಹೆಚ್ಚು. ಅಂಥ ದಿನಗಳಲ್ಲಿ ಖುಷಿಗಾಗಿ ಸೈಕಲ್ ಹೊಡೆಯುವವನಿಗೆ ಅಲ್ಲಿ ಏನು ಕೆಲಸ ಎನ್ನುವ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಡಿಸೆಂಬರ್, ಜನವರಿಯಲ್ಲಿ ಏರಿಯೇ ಕಣವಾಗುತ್ತದೆ. ಗಟ್ಟಿ ನೆಲ, ಗಾಳಿ, ಬಿಸಿಲು ಮೂರೂ ಸಿಗುವ ಜಾಗ ಅದು. ರಾಗಿ ತೆನೆ, ಹುರುಳಿ ಬಳ್ಳಿಯನ್ನು ಉದ್ದಕ್ಕೆ ಹಾಸಿರುತ್ತಾರೆ, ಹಾದುಹೋಗುವ ಗಾಡಿ ಒಕ್ಕಣೆ ಮಾಡಿಕೊಡಲಿ ಎಂದು. ಟ್ರ್ಯಾಕ್ಟರ್‌ಗೆ ಸರಿ, ಲಾರಿಗೂ ಸರಿ. ಗ್ರಾವೆಲ್ ಸೈಕಲ್ ಅದರ ಮೇಲೆ ಹೋದರೆ ಹುರುಳಿ ಬಳ್ಳಿ ಹಿಂದಿನ ಗೇರಿನ ಹಲ್ಲಿಗೆ ಸುತ್ತಿಕೊಂಡು ಗೇರು ಬದಲಿಸುವ ಡಿರೈಲರನ್ನೇ ತಿರುಚಿಬಿಡುತ್ತದೆ. ಇಳಿದು, ಸೈಕಲ್ ಎತ್ತಿ ಹೆಗಲ ಮೇಲಿಟ್ಟುಕೊಂಡು ಅಂಚಿನಲ್ಲಿ ದಾಟಬೇಕು. ತೆನೆ ಹಾಸಿದ ಅಜ್ಜಿ ಅಷ್ಟು ಹೊತ್ತೂ ನೋಡುತ್ತಿರುತ್ತಾರೆ.

ನೋಡಿದವರು ಮಾತಾಡಿಸದೆ ಬಿಡುವುದಿಲ್ಲ. “ಯಾಕ್ ಸಾ, ಟಾರ್ ರೋಡ್ ಐತಲ್ಲ ಅಲ್ಲಿ, ಅದ್ ಬುಟ್ಟು ಇಲ್ಯಾಕ್ ಬಂದ್ರಿ?” ಎನ್ನುವುದು ಮೊದಲ ಪ್ರಶ್ನೆ. “ಎಷ್ಟ್ ಬಿತ್ತು ಸೈಕಲ್ಗೆ?” ಎನ್ನುವುದು ಎರಡನೆಯದು. ನಿಜ ಹೇಳಿದರೆ ಬರುವ ತೀರ್ಪೂ ಹೆಚ್ಚುಕಡಿಮೆ ಒಂದೇ: “ಆ ದುಡ್ಗೆ ಒಂದ್ ಜೊತೆ ಎತ್ತು ಬತ್ತಿದ್ವಲ್ಲ ಸಾಮಿ!”

ಪಂಕ್ಚರ್‌ಗೆ ಇಲ್ಲಿ ಮೊದಲ ಕಾರಣ ಜಾಲಿಮುಳ್ಳು. ಬೇಲಿ ಸವರಿದ ಮುಳ್ಳು ಏರಿಯ ಮೇಲೆ ಬಿದ್ದಿರುತ್ತದೆ. ಟ್ಯೂಬ್ ಇಲ್ಲದ ಟೈರಿನೊಳಗೆ ಅಂಟುದ್ರವ ಹಾಕಿಸಿಕೊಂಡಿದ್ದರೆ ಸಣ್ಣ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಇಲ್ಲದಿದ್ದರೆ ಮುಂದಿನ ಊರಿನ ಪಂಕ್ಚರ್ ಅಂಗಡಿಯೇ ಗತಿ. ಅಲ್ಲಿ ನೀರಿನ ಬಾಣಲೆ, ಉಜ್ಜುವ ಕಾಗದ, ಸೊಲ್ಯೂಷನ್ ಎಲ್ಲ ಉಂಟು, ಕೈಚಳಕವೂ ಉಂಟು. ಆದರೆ ಅಂಗಡಿಯ ಪಂಪು ಇಲ್ಲಿನ ವಾಹನಗಳ ವಾಲ್ವಿಗೆ ಹೊಂದುವಂಥದ್ದು. ವಿದೇಶಿ ಸೈಕಲ್‌ನ ಸಣಕಲು ಪ್ರೆಸ್ಟಾ ವಾಲ್ವಿಗೆ ಅದರ ಬಾಯಿ ಕೂರುವುದಿಲ್ಲ. ಹೆಬ್ಬೆರಳುಗುರಿನಷ್ಟು ಗಾತ್ರದ ಹಿತ್ತಾಳೆ ಅಡಾಪ್ಟರ್ ಒಂದು ಜೇಬಿನಲ್ಲಿದ್ದರೆ ಕೆಲಸ ನಡೆಯುತ್ತದೆ.

ನೀರಿನ ಮಗ್ಗುಲಲ್ಲಿ ಎಚ್ಚರ

ನಾಲೆ ಚೆಂದವೆಂದು ಮೈಮರೆಯುವ ಹಾಗಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಸಿ ನಾಲೆಗೆ ಉರುಳಿ 30 ಜನ ಸತ್ತರು. ಆಮೇಲೂ ಕಾರುಗಳು ಬಿದ್ದಿವೆ, ಜೀವಗಳು ಹೋಗಿವೆ. ತಡೆಗೋಡೆ ಇಲ್ಲದ ಕಡೆ ಸೈಕಲ್ ಸವಾರನಿಗೂ ಅದೇ ಅಪಾಯ. ಕಾಂಕ್ರೀಟ್ ಹಾಸಿದ ನಾಲೆಯ ಇಳಿಜಾರು ಪಾಚಿ ಕಟ್ಟಿ ಜಾರುತ್ತದೆ. ಈಜು ಬಂದರೂ ಹಿಡಿದು ಹತ್ತಲು ಏನೂ ಸಿಗುವುದಿಲ್ಲ.

ಇದರಲ್ಲೊಂದು ಸೂಕ್ಷ್ಮವಿದೆ. ಗಾಡಿದಾರಿ ಸಾಮಾನ್ಯವಾಗಿ ನಾಲೆಯ ತಗ್ಗಿನ ಬದಿಯ ಏರಿಯ ಮೇಲಿರುತ್ತದೆ. ಎಡದಂಡೆ ನಾಲೆಯಲ್ಲಿ ನೀರು ಹರಿಯುವ ದಿಕ್ಕಿಗೇ ಹೊರಟರೆ ಎಡಕ್ಕೆ ನಾಲೆ, ಬಲಕ್ಕೆ ಗದ್ದೆ. ರಸ್ತೆಯ ನಿಯಮದಂತೆ ಎಡಕ್ಕೆ ಸರಿದರೆ ನೀರಿನ ಅಂಚಿಗೇ ಹೋಗುತ್ತೀರಿ. ಎದುರಿಗೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಬಂದಾಗ ಅದು ಒಳ್ಳೆಯ ಜಾಗವಲ್ಲ. ನೀರಿಗೆ ಎದುರಾಗಿ ಹೊರಟರೆ ಗದ್ದೆಯ ಬದಿ ನಿಮ್ಮ ಪಾಲಿಗೆ, ಬಿದ್ದರೂ ಕೆಸರು. ಬಲದಂಡೆ ನಾಲೆಯಲ್ಲಿ ಈ ಲೆಕ್ಕ ತಿರುಗುಮುರುಗು. ಹೊಸಬರ ಮೊದಲ ಸವಾರಿಯ ದಿಕ್ಕು ಗೊತ್ತುಮಾಡುವಾಗ ಇದನ್ನು ನೋಡಿಕೊಳ್ಳುವುದು ಕ್ಷೇಮ.

ಹೊಳೆಯಲ್ಲಿ ಮೊಸಳೆಗಳಿವೆ, ಊರವರು ಬೇಡವೆಂದ ಕಡೆ ಇಳಿಯಬಾರದು. ಕಬ್ಬಿನ ಗದ್ದೆಗಳಲ್ಲಿ ಚಿರತೆಗಳಿವೆ. 2022ರ ಕೊನೆ ಮತ್ತು 2023ರ ಆರಂಭದಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಜನ ಬಲಿಯಾದರು. ಬೆಳಕು ಹರಿಯುವ ಮುಂಚೆ ಹೊರಡುವುದು, ಸೂರ್ಯ ಮುಳುಗಿದ ಮೇಲೆ ಕಬ್ಬಿನ ನಡುವೆ ಉಳಿಯುವುದು ಎರಡೂ ಬೇಡ.

ಸೇವೆಯಲ್ಲಿರುವ ದಾರಿ

ಚಿಕ್ಕದೇವರಾಜ ಒಡೆಯರು ಆಳುತ್ತಿದ್ದ ಕಾಲದಲ್ಲೇ, 1681ರಲ್ಲಿ, ಫ್ರಾನ್ಸಿನಲ್ಲಿ ಕನಾಲ್ ದು ಮಿದಿ ಎಂಬ 240 ಕಿ.ಮೀ. ಕಾಲುವೆ ತೆರೆಯಿತು. ಅದರ ದಡದ ಹಾದಿಯಲ್ಲಿ ಕುದುರೆಗಳು ಸರಕಿನ ದೋಣಿಗಳನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದವು. ರೈಲು, ಲಾರಿ ಬಂದು, 20ನೇ ಶತಮಾನದಲ್ಲಿ ದೋಣಿ ವ್ಯಾಪಾರ ನಿಂತ ಮೇಲೆ ಆ ಹಾದಿಗೆ ಕೆಲಸವಿಲ್ಲವಾಯಿತು. ಖಾಲಿ ಬಿದ್ದ ಹಾದಿಗೆ ಸೈಕಲ್‌ಗಳು ಬಂದವು. ಯುರೋಪಿನ ಕಾಲುವೆ ದಡದ ಎಷ್ಟೋ ಸೈಕಲ್ ಪಥಗಳ ಕಥೆ ಇದೇ. ಅವು ನಿವೃತ್ತಿಯಾದ ದಾರಿಗಳು.

ನಮ್ಮ ಏರಿ ನಿವೃತ್ತಿಯಾಗಿಲ್ಲ. ಬೆಳಿಗ್ಗೆ ಏರಿಯ ಮೇಲೆ ಮೊದಲು ಸಿಗುವುದು ನೀರುಗಂಟಿ. ಭುಜದ ಮೇಲೆ ಗುದ್ದಲಿ, ಲುಂಗಿ ಮೊಣಕಾಲ ಮೇಲೆ. ತೂಬಿನ ಬಳಿ ಕೂತು ಮಣ್ಣಿನ ಹೆಂಟೆ, ಹುಲ್ಲು, ಗೋಣಿಚೀಲದ ತುಂಡು ಸೇರಿಸಿ ಒಂದು ಕಾಲುವೆಯ ಬಾಯಿ ಮುಚ್ಚಿ ಇನ್ನೊಂದರ ಬಾಯಿ ತೆರೆಯುತ್ತಾರೆ. ನೀರು ಸಾಲದಾದಾಗ ‘ಕಟ್ಟು ಪದ್ಧತಿ’: ಇಷ್ಟು ದಿನ ನೀರು, ಇಷ್ಟು ದಿನ ಬಂದ್. ಯಾರ ಗದ್ದೆಗೆ ಎಷ್ಟು ಹೊತ್ತು ಎನ್ನುವ ಜಗಳವನ್ನು ಠಾಣೆಗೆ ಹೋಗದಂತೆ ತಡೆಯುವುದೂ ಇವರದೇ ಕೆಲಸ. ಆಮೇಲೆ ಹಾಲಿನ ಡೇರಿಗೆ ಹೋಗುವವರು, ಬಟ್ಟೆ ಒಗೆಯುವವರು, ಎಮ್ಮೆ ಮೀಯಿಸುವವರು, ಕಬ್ಬು ಕಡಿಯುವ ಆಳುಗಳು. ಸೈಕಲ್ ಸವಾರ ಈ ಸಾಲಿನ ಕೊನೆಯವನು.

ಆದ್ದರಿಂದ ಏರಿಗೆ ಟಾರು ಬಿದ್ದಾಗ, ನಾಲೆಗೆ ಕಾಂಕ್ರೀಟ್ ಹಾಸಿದಾಗ ನಾವು ಗೊಣಗುವುದಕ್ಕೆ ಅರ್ಥವಿಲ್ಲ. ಮಣ್ಣಿನ ನಾಲೆಯಲ್ಲಿ ಇಂಗಿಹೋಗುತ್ತಿದ್ದ ನೀರಿಗಾಗಿ ಮದ್ದೂರು, ಮಳವಳ್ಳಿಯ ಕೊನೆಭಾಗದ ರೈತರು ದಶಕಗಳಿಂದ ಕಾದಿದ್ದಾರೆ. ಕಬ್ಬಿನ ಲೋಡು ಕೆಸರಲ್ಲಿ ಹೂತು ಎರಡು ದಿನ ನಿಂತರೆ ತೂಕ ಇಳಿಯುತ್ತದೆ, ನಷ್ಟ ಬೆಳೆದವರಿಗೆ. ಆ ರಸ್ತೆ ಮಣ್ಣಾಗಿಯೇ ಇರಲಿ ಎಂದು ಬೆಂಗಳೂರಿನಿಂದ ಭಾನುವಾರ ಬರುವವರು ಕೇಳುವುದು ತರವಲ್ಲ.

ಕೇಳಬಹುದಾದದ್ದು ಬೇರೆ ಇದೆ. ನೀಲಿ ಬಣ್ಣ ಬಳಿದ ಸೈಕಲ್ ಪಥ, ಸೆಲ್ಫಿ ಕಮಾನು, ಉದ್ಘಾಟನೆಯ ಕಲ್ಲು ಇವು ಯಾವುವೂ ಬೇಡ. ಅಪಾಯದ ತಿರುವುಗಳಲ್ಲಿ ತಡೆಗೋಡೆ ಬೇಕು. ಕಾಂಕ್ರೀಟ್ ನಾಲೆಗೆ ಅಲ್ಲಲ್ಲಿ ಮೆಟ್ಟಿಲು, ಹಿಡಿದು ಹತ್ತಲು ಸರಪಳಿ ಬೇಕು. ತೆಗೆದ ಹೂಳನ್ನು ಏರಿಯ ಮೇಲೇ ಗುಡ್ಡೆ ಹಾಕಿ ಹೋಗದೆ ಸಾಗಿಸಬೇಕು. ರಸ್ತೆ ಅಗಲ ಮಾಡುವಾಗ ಹಳೆಯ ಹೊಂಗೆ, ಮತ್ತಿಗಳನ್ನು ಉಳಿಸಬೇಕು. ಬಟ್ಟೆ ಒಗೆಯುವ ಹೆಂಗಸರಿಗೆ ಮೆಟ್ಟಿಲು ಬೇಕು, ಎತ್ತಿನ ಗಾಡಿಗೆ ಹೂಳಿಲ್ಲದ ಏರಿ ಬೇಕು, ಬುತ್ತಿ ಬಿಚ್ಚುವ ಆಳುಗಳಿಗೆ ನೆರಳು ಬೇಕು. ಸವಾರರ ಪಟ್ಟಿಯಲ್ಲಿ ಇವರ ಪಟ್ಟಿಗಿಂತ ಹೆಚ್ಚಿನದೇನೂ ಇಲ್ಲ. ಅರ್ಜಿ ಬರೆಯುವುದಾದರೆ ಇವರ ಹೆಸರಿನಲ್ಲೇ ಬರೆಯೋಣ, ಕೊನೆಯ ಸಹಿ ನಮ್ಮದಿರಲಿ. ಕೆಲಸ ಬೇಗ ಆಗುವ ದಾರಿಯೂ ಅದೇ.